ಗಾಜಿಪುರದಲ್ಲಿ ನಲವತ್ತು ದಾಟದ ಬಿಸಿಲು

ಬೇಸಿಗೆ ಬಂತೆಂದರೆ ಕಲಬುರಗಿಯ ಜನ ‘ಊಟ ಆಯ್ತೇನ್ರೀ’ ಅನ್ನುವುದಕ್ಕೂ ಮೊದಲು ‘ಇವತ್ತ ಎಷ್ಟದ್ರೀ?’ ಎಂದು ಕೇಳುತ್ತಾರೆ. ಎಷ್ಟು ಅಂದರೆ ಬಿಸಿಲು ಎಷ್ಟು ಡಿಗ್ರಿ ಅಂತ. ಅದೇ ಊರಿನ ಗಾಜಿಪುರ ಬಡಾವಣೆಯ ನಾವು ಮಾತ್ರ ಯಾರನ್ನೂ ಕೇಳಬೇಕಾಗಿರಲಿಲ್ಲ. ನಮ್ಮ ಮನೆಯ ಬಾಗಿಲ ಪಕ್ಕ, ಕಟ್ಟೆಯ ಮೇಲೆ, ಒಂದು ಕರಿ ಹಲಗೆ ಇತ್ತು. ನಮ್ಮ ಅಪ್ಪ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದವರೇ ಅದರ ಮೇಲೆ ಸೀಮೆಸುಣ್ಣದಿಂದ ಅಂದಿನ ಅಂಕಿ ಬರೆಯುತ್ತಿದ್ದರು. ಓಣಿಯ ಜನ ಅದನ್ನು ನೋಡಿಯೇ ಮುಂದೆ ಹೋಗುತ್ತಿದ್ದರು.

ಆ ಅಂಕಿ ಎಂದೂ ನಲವತ್ತು ದಾಟಲಿಲ್ಲ. ಊರೆಲ್ಲ ಕಾದ ಹೆಂಚಾಗಿ, ಜಗತ್ ವೃತ್ತದ ಕಡೆಯ ಡಾಂಬರು ಚಪ್ಪಲಿಗೆ ಅಂಟುವ ದಿನವೂ ನಮ್ಮ ಹಲಗೆಯ ಮೇಲೆ ಮೂವತ್ತೊಂಬತ್ತು, ಹೆಚ್ಚೆಂದರೆ ನಲವತ್ತು.  ಇಷ್ಟು ವರ್ಷವಾದ ಮೇಲೂ ಆ ನಲವತ್ತರ ಕತೆ ನನಗೆ ಜೀರ್ಣವಾಗಿಲ್ಲ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಮನೆತನದಿಂದ ಬಂದ ಪೂಜೆ, ಪಂಚಾಂಗವನ್ನೂ ಬಿಟ್ಟವರಲ್ಲ. ಯುಗಾದಿಯ ದಿನ ಓಣಿಯ ಹನುಮಪ್ಪನ ಗುಡಿಯಲ್ಲಿ ಪಂಚಾಂಗ ಓದುವವರು ಅವರೇ. ಈ ವರ್ಷ ಮೋಡಕ್ಕೆ ಒಡೆಯ ಯಾರು, ಪೈರಿಗೆ ಒಡೆಯ ಯಾರು ಎಂದೆಲ್ಲ ಓದಿ ಮುಗಿಸಿ, ಕೊನೆಗೆ ಕನ್ನಡಕ ತೆಗೆದು, ‘ಮತ್ತ ನಮ್ಮ ಗಾಜಿಪುರದಾಗ ಹ್ವಾದ ವರ್ಷನೂ ನಲವತ್ತು ದಾಟಿಲ್ಲ’ ಅನ್ನುತ್ತಿದ್ದರು. ಜನ ತಲೆದೂಗುತ್ತಿದ್ದರು. ಗ್ರಹಗಳ ಮಾತಿಗಿಂತ ಆ ಮಾತಿಗೇ ತಲೆದೂಗುವುದು ಜಾಸ್ತಿ.

ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಳು. ನನ್ನನ್ನೂ ನನ್ನ ಅಣ್ಣನನ್ನೂ ಸಾಕಿದವಳು ಆತ್ಯಾ, ಅಂದರೆ ಅಪ್ಪನ ಅಕ್ಕ. ನಮ್ಮ ಮನೆಯಲ್ಲಿ ಅರ್ಧ ಮರಾಠಿ ಅರ್ಧ ಕನ್ನಡ, ಹಾಗಾಗಿ ಅವಳು ನಮಗೆ ಆತ್ಯಾ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ದಪ್ಪ ನೂಲಿನ ಕೆಂಪು ಸೀರೆ, ತಲೆಯ ಮೇಲೆ ಸೆರಗು, ನಾಲಿಗೆಯಲ್ಲಿ ಮಾತ್ರ ಮೆಣಸಿನಕಾಯಿ. ಮನೆಯ ಅಡುಗೆಯೆಲ್ಲ ಅವಳದೇ, ಅದೂ ಮಡಿಯಲ್ಲಿ. ಬಾವಿಯ ನೀರು ಸೇದಿ, ಸ್ನಾನ ಮಾಡಿ, ಹಿಂದಿನ ದಿನವೇ ಒಗೆದು ಒಣಹಾಕಿದ ಸೀರೆ ಉಟ್ಟು ಅಡುಗೆಮನೆ ಹೊಕ್ಕಳೆಂದರೆ ನಾವು ಯಾರೂ ಅವಳನ್ನು ಮುಟ್ಟುವ ಹಾಗಿಲ್ಲ. ಗ್ಯಾಸಿನ ಒಲೆ ಅವಳಿಗೆ ಆಗಿಬರದು, ಕಟ್ಟಿಗೆಯ ಒಲೆಯೇ ಆಗಬೇಕು. ಅಪ್ಪನಿಗೂ ಆ ಅಡುಗೆಯೇ ದೇವರಿಗೆ ನೈವೇದ್ಯಕ್ಕೆ ಆಗಬೇಕು.

ಆ ಅಡುಗೆಮನೆಯೋ! ಮೇಲೆ ಶಹಾಬಾದ್ ಕಲ್ಲಿನ ಚಪ್ಪಡಿ, ಗೋಡೆಯಲ್ಲಿ ಒಂದು ಗೇಣು ಕಿಟಕಿ. ಮಧ್ಯಾಹ್ನಕ್ಕೆ ಮೇಲಿನ ಕಲ್ಲು ಕಾಯುತ್ತಿತ್ತು, ಕೆಳಗಿನ ಒಲೆ ಉರಿಯುತ್ತಿತ್ತು. ನಡುವೆ ಆತ್ಯಾ.

ಇನ್ನು ಅಪ್ಪನ ಥರ್ಮಾಮೀಟರಿನ ವಿಷಯ. ಎಂಬತ್ತರ ದಶಕದಲ್ಲಿ ಯಾವುದೋ ಕೆಲಸಕ್ಕೆ ಹೈದರಾಬಾದಿಗೆ ಹೋದವರು ಅದನ್ನು ತಂದರು. ಕಟ್ಟಿಗೆಯ ಪಟ್ಟಿಗೆ ಕೂಡಿಸಿದ ಗಾಜಿನ ನಳಿಗೆ, ಒಳಗೆ ಪಾದರಸ. ಬಿಸಿಲು ನೇರ ಬೀಳಬಾರದು, ಗಾಳಿ ಆಡುತ್ತಿರಬೇಕು, ಮಕ್ಕಳ ಕೈಗೆ ಸಿಗಬಾರದು. ಈ ಮೂರೂ ಕೂಡಿಬರುವ ಜಾಗ ಮನೆಯಲ್ಲಿ ಒಂದೇ ಇತ್ತು. ಅಂಗಳಕ್ಕೆ ತೆರೆದ ಪಡಸಾಲೆಯ ಆ ತುದಿಯ ಕಂಬ. ಅಲ್ಲಿ ಸದಾ ನೆರಳು. ಓಣಿಯ ಹುಡುಗರೇ ಆಗಲಿ, ನಾವೇ ಆಗಲಿ, ಆ ಮೂಲೆಗೆ ಹೋಗುತ್ತಿರಲಿಲ್ಲ. ಯಾಕೆಂದರೆ ಅದು ಆತ್ಯಾನ ಮಡಿ ಮೂಲೆ. ಸೂರಿನಿಂದ ಹಗ್ಗದಲ್ಲಿ ಇಳಿಬಿಟ್ಟ ಬಿದಿರಿನ ಗಳದ ಮೇಲೆ ಅವಳ ಸೀರೆ ಒಣಗುವ ಜಾಗ. ತಪ್ಪಿ ತಾಗಿದರೂ ಆಕಾಶ ಭೂಮಿ ಒಂದು ಮಾಡುತ್ತಿದ್ದಳು. ಅಪ್ಪ ಕೂಡ ಅಂಕಿ ನೋಡುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಹೊಟ್ಟೆ ಒಳಗೆ ಎಳೆದುಕೊಂಡು, ಬಾತುಕೋಳಿಯ ಹಾಗೆ ಕತ್ತು ಮಾತ್ರ ಮುಂದೆ ಚಾಚುತ್ತಿದ್ದರು. ನನಗೂ ಅಣ್ಣನಿಗೂ ನಗು ತಡೆಯಲಾಗುತ್ತಿರಲಿಲ್ಲ.

ಅದೇ ಕಾಲಕ್ಕೆ ಪೇಪರಿನಲ್ಲಿ ಭೂಮಿ ಬಿಸಿಯಾಗುತ್ತಿದೆ ಅನ್ನುವ ಸುದ್ದಿ ಬರತೊಡಗಿತು. ಅಣ್ಣ ಆಗ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದ. ಸಂಜೆಯ ಚಹಾಕ್ಕೆ ಕೂತರೆ ಅಪ್ಪನಿಗೂ ಅವನಿಗೂ ಅದೇ ಜಗಳ.

‘ಕಲ್ಲಿದ್ದಲು, ಪೆಟ್ರೋಲು ಸುಟ್ಟ ಹೊಗಿ ಮ್ಯಾಲ ಕೂತದ ಅಪ್ಪಾ. ಒಳಗ ಬಂದ ಶಾಖ ಹೊರಗ ಹೋಗಲಿಕ್ಕ ಬಿಡವಲ್ದು.’

‘ಹೋಗಲೇ! ಸೂರ್ಯನ ಮ್ಯಾಲ ಕರಿ ಕಲಿ ಬರ್ತಾವ, ಹೋಗ್ತಾವ. ಸಮುದ್ರದ ನೀರು ಒಮ್ಮೆ ಕಾಯ್ತದ, ಒಮ್ಮೆ ಆರ್ತದ. ಭೂಮಿ ವಾಲಾಡ್ತದ. ಹಿಂದಕ ಇಡೀ ಭೂಮಿ ಹಿಮದಾಗ ಮುಳುಗಿತ್ತು, ಅವಾಗ ಯಾರು ಸ್ಕೂಟರ್ ಬಂದ್ ಮಾಡಿದ್ರು?’

ಅಪ್ಪ ಹೇಳುತ್ತಿದ್ದುದು ಸುಳ್ಳೂ ಅಲ್ಲ ನೋಡಿ. ತೊಂಬತ್ತರ ಶುರುವಿನಲ್ಲಿ ಪೂರ್ವದ ಯಾವುದೋ ದ್ವೀಪದಲ್ಲಿ ಅಗ್ನಿಪರ್ವತ ಸಿಡಿದು, ಅದರ ಧೂಳು ಜಗತ್ತಿಗೆಲ್ಲ ಹರಡಿದೆ, ಅದರಿಂದ ಭೂಮಿ ಸ್ವಲ್ಪ ತಂಪಾಗುತ್ತದೆ ಎಂದು ಅಣ್ಣನೇ ಓದಿ ಹೇಳಿದ. ಆಗ ಕೆಲವು ಸಂಜೆ ಮಾಳಿಗೆ ಹತ್ತಿ ನೋಡಿದರೆ ಪಡುವಣ ದಿಕ್ಕು ಕುಂಕುಮ ಚೆಲ್ಲಿದ ಹಾಗೆ ಕಾಣುತ್ತಿತ್ತು. ಅಪ್ಪನಿಗೆ ಅಷ್ಟೇ ಸಾಕಾಯಿತು.

‘ನೋಡಪಾ, ಎಲ್ಲಿದೋ ಒಂದು ಗುಡ್ಡ ಸೀನಿದ್ರ ಜಗತ್ತು ತಂಪ ಆಗ್ತದ. ನಿಮ್ಮ ಮೋಟಾರಿನ ಹೊಗಿ ಯಾವ ಲೆಕ್ಕ?’

‘ಧೂಳು ಎರಡು ವರ್ಷದಾಗ ಕೆಳಗ ಬೀಳ್ತದ. ಹೊಗಿ ಬೀಳೂದಿಲ್ಲ. ಅದೇ ಫರಕು.’

‘ಫರಕು ಗಿರಕು ಬಿಡು. ಹೊರಗ ಹೋಗಿ ಬೋರ್ಡ್ ನೋಡು. ಇಷ್ಟು ವರ್ಷದಾಗ ಒಂದು ಡಿಗ್ರಿ ಏರ್ಯದೇನು?’

ಅಣ್ಣ ಪೇಪರು ತಂದು ಮುಂದಿಡುತ್ತಿದ್ದ. ಅದರಲ್ಲಿ ಕಲಬುರಗಿಗೆ ನಲವತ್ಮೂರು, ನಲವತ್ನಾಲ್ಕು ಅಂತ ಬರುತ್ತಿತ್ತು. ಅಪ್ಪ ಅದಕ್ಕೂ ಜವಾಬು ಇಟ್ಟುಕೊಂಡಿದ್ದರು. ಹವಾಮಾನ ಇಲಾಖೆಯವರ ಮಾಪಕ ಊರ ಹೊರಗಿನ ಬಯಲಿನಲ್ಲಿದೆ, ಸುತ್ತ ಕಪ್ಪು ನೆಲ, ನಮ್ಮ ಓಣಿಯಲ್ಲಿ ಬೇವಿನ ಮರಗಳಿವೆ. ಒಮ್ಮೆ ಅಣ್ಣ ತಡೆಯಲಾರದೆ ಕಾಲೇಜಿನಿಂದ ಒಂದು ಥರ್ಮಾಮೀಟರ್ ತಂದು, ಬೆಳಗ್ಗೆ ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದ. ಎರಡರಲ್ಲೂ ಒಂದೇ ಅಂಕಿ. ಅಪ್ಪನ ಮುಖ ಅರಳಿತು. ‘ನನ್ನ ಥರ್ಮಾಮೀಟರ್ ಸುಳ್ಳು ಹೇಳೂದಿಲ್ಲ’ ಎಂದು ಓಣಿಗೆಲ್ಲ ಕೇಳುವ ಹಾಗೆ ಅಂದರು. ಅದು ನಿಜಕ್ಕೂ ಸುಳ್ಳು ಹೇಳಿರಲಿಲ್ಲ, ಆ ಮಾತು ಈಗ ನನ್ನನ್ನು ಚುಚ್ಚುತ್ತದೆ.

ಹಾಲು ಹಾಕುವ ಮುದುಕ ಮಾತ್ರ ಹಲಗೆ ನೋಡಿ ನಗುತ್ತಿದ್ದ. ‘ಕ್ಯಾ ಮಾಸ್ತರ್ ಸಾಬ್, ತಖ್ತಾ ಚಾಲೀಸ್ ಬೋಲ್ರಾ, ಪಸೀನಾ ಪಚಾಸ್ ಬೋಲ್ರಾ!’ ಅಂದರೆ, ಹಲಗೆ ನಲವತ್ತು ಅಂತದ, ಬೆವರು ಐವತ್ತು ಅಂತದ! ಅಪ್ಪ ಅದನ್ನು ತಮಾಷೆ ಎಂದುಕೊಂಡು ತಾವೂ ನಕ್ಕರು.

ಇದೆಲ್ಲ ಬರೀ ಚಹಾದ ಜಗಳವಾಗಿದ್ದರೆ ನಾನು ಈ ಹೊತ್ತು ಬರೆಯುತ್ತಲೇ ಇರಲಿಲ್ಲ. ಆತ್ಯಾ ಪ್ರತಿ ಬೇಸಿಗೆಗೂ ಒಂದೇ ಒಂದು ಮಾತು ಕೇಳುತ್ತಿದ್ದಳು.

‘ತಮ್ಮಾ, ಈ ಎರಡು ತಿಂಗಳು ನನ್ನ ಕಮಲಾಪುರಕ್ಕ ಕಳಸಪಾ.’

ಕಮಲಾಪುರದಲ್ಲಿ ನಮ್ಮ ಹಿರಿಯರ ಮನೆ. ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ, ಅವರ ಹೆಂಡತಿ ಕಾಕು ಅಲ್ಲಿದ್ದರು. ಕೆಂಪು ಬಾಳೆಯ ತೋಟ, ತೋಟದ ಬಾವಿ, ಬಾವಿಯ ಪಕ್ಕ ಮನೆ. ಮೊಣಕೈ ಉದ್ದದಷ್ಟು ದಪ್ಪನೆಯ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಕಾಕಾ ಆ ಮಾಳಿಗೆಗೆ ಹೊಸ ಮಣ್ಣು ಹಾಕಿಸುತ್ತಿದ್ದರು. ಹೊರಗೆ ಬೆಂಕಿ ಸುರಿದರೂ ಅದರ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರೆ ನಿದ್ದೆ ಬರುತ್ತಿತ್ತು. ಬಸ್ಸು ಹತ್ತಿದರೆ ತಾಸಿನ ಹಾದಿ. ತಾಸಿನ ಹಾದಿ ಅಷ್ಟೇ!

‘ಯಾಕಕ್ಕಾ, ಇಲ್ಲೇನಾಗ್ಯದ?’

‘ಬಿಸಲು ಮೊದಲಿನಂಗ ಉಳದಿಲ್ಲೋ. ಒಲಿ ಮುಂದ ಕೂತ್ರ ಕಣ್ಣಿಗೆ ಕತ್ತಲಿ ಬರಾಕತ್ತದ.’

‘ಬಿಸಲು ಇದ್ದಂಗ ಅದ ಅಕ್ಕಾ. ನೋಡು, ನಿನ್ನೆ ಮೂವತ್ತೊಂಬತ್ತು. ಹತ್ತು ವರ್ಷದ ಹಿಂದೂ ಇಷ್ಟ ಇತ್ತು. ಹೆಚ್ಚಾಗಿದ್ದು ನಿನ್ನ ವಯಸ್ಸು.’

ಅಪ್ಪ ಕ್ರೂರಿಯಲ್ಲ. ಇದನ್ನು ನಾನು ಎಷ್ಟು ಸಿಟ್ಟಿನಲ್ಲಿದ್ದರೂ ಹೇಳಲೇಬೇಕು. ಅಕ್ಕನೆಂದರೆ ಅವರಿಗೆ ತಾಯಿ. ಅವಳು ಹೋದರೆ ನೈವೇದ್ಯಕ್ಕೆ ಯಾರು ಅನ್ನುವ ಯೋಚನೆ ಇತ್ತು, ಖರೇ. ಆದರೆ ಹಲಗೆಯ ಮೇಲೆ ಒಂದು ಸಲ ನಲವತ್ನಾಲ್ಕು ಎಂದು ಬಂದಿದ್ದರೆ ಅವರೇ ಕೈಹಿಡಿದು ಬಸ್ಸು ಹತ್ತಿಸುತ್ತಿದ್ದರು. ಅವರು ಅಕ್ಕನ ಮಾತಿಗಿಂತ ಅಂಕಿಯ ಮಾತನ್ನು ನಂಬಿದರು. ವಿಜ್ಞಾನದ ಮಾಸ್ತರರಲ್ಲವೇ?

ಆತ್ಯಾ ಸುಮ್ಮನಿರುವವಳಲ್ಲ. ‘ನಿನ್ನ ಆ ಗಾಜಿನ ನಳಗಿ ಒಂದು ತಾಸು ಬಂದು ಅಡಗಿಮನ್ಯಾಗ ಕೂಡ್ಲಿ. ಆಮ್ಯಾಲ ನನಗ ಹೇಳು ಎಷ್ಟದ ಅಂತ’ ಎಂದು ಸೆರಗು ಕೊಡವಿ ಒಳಗೆ ಹೋಗುತ್ತಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಮರುದಿನದ ಸೀರೆಯನ್ನು ಬಾವಿಯ ಕಟ್ಟೆಯ ಮೇಲೆ ಒಗೆದು, ಹಿಂಡದೆ, ನೀರು ಸೋರುವ ಹಾಗೆಯೇ ಕೋಲಿನಿಂದ ಎತ್ತಿ ಗಳದ ಮೇಲೆ ಹಾಕುತ್ತಿದ್ದಳು. ಹಿಂಡಿದರೆ ಸೀರೆ ಬೇಗ ಹರಿಯುತ್ತದಂತೆ. ಆಮೇಲೆ ಸಂಜೆಯ ಅಡುಗೆಗೆ ಒಲೆ ಹೊತ್ತಿಸುವ ವೇಳೆ. ಅಪ್ಪ ಎದ್ದು ಬಂದು, ಕೈ ಹಿಂದೆ ಕಟ್ಟಿ, ಆ ಸೀರೆಯ ಸಂದಿಯಿಂದ ಕತ್ತು ಚಾಚಿ ಅಂಕಿ ನೋಡುವ ವೇಳೆಯೂ ಅದೇ.

ಓದುವ ನಿಮಗೆ ಈಗಾಗಲೇ ತಿಳಿದುಹೋಗಿರಬೇಕು. ನಮಗೆ ತಿಳಿಯಲಿಲ್ಲವಲ್ಲ! ಭೌತಶಾಸ್ತ್ರ ಓದಿದ ಅಣ್ಣನಿಗೂ ತಿಳಿಯಲಿಲ್ಲ. ಮಣ್ಣಿನ ಹರವಿಯಲ್ಲಿ ನೀರು ಯಾಕೆ ತಣ್ಣಗಾಗುತ್ತದೆ ಎಂದು ಅಪ್ಪ ಪ್ರತಿ ವರ್ಷ ಒಂಬತ್ತನೆಯ ತರಗತಿಗೆ ಪಾಠ ಮಾಡುತ್ತಿದ್ದರು, ಅವರಿಗೂ ತಿಳಿಯಲಿಲ್ಲ. ಮಡಿ ಸೀರೆಯಿಂದ ದೂರ ಸರಿಯುವುದನ್ನು ನಾವು ನಡೆಯಲು ಕಲಿಯುವಾಗಲೇ ಕಲಿತಿದ್ದೆವು. ಅದು ದಿನಾಲೂ ಕಣ್ಣಿಗೆ ಬೀಳುತ್ತಿತ್ತು, ಆದರೆ ಒಬ್ಬರ ಬುದ್ಧಿಗೂ ಬೀಳಲಿಲ್ಲ.

ತೊಂಬತ್ತರ ದಶಕ ಅರ್ಧ ದಾಟಿದ ಒಂದು ವೈಶಾಖ. ನರಸಿಂಹ ಜಯಂತಿ. ನಮ್ಮಲ್ಲಿ ಅಂದು ಹಗಲೆಲ್ಲ ಉಪವಾಸ, ಹೊತ್ತು ಮುಳುಗುವಾಗ ಪೂಜೆ, ಆಮೇಲೆ ಊಟ. ಆತ್ಯಾ ಒಂದು ಗುಟುಕು ನೀರನ್ನೂ ಕುಡಿಯದೆ, ಮರುದಿನದ ಸೀರೆ ಒಗೆದು ಗಳಕ್ಕೆ ಹಾಕಿ, ಮಧ್ಯಾಹ್ನವೇ ಒಲೆಯ ಮುಂದೆ ಕೂತಿದ್ದಳು. ನಾನು ಹೊರಗೆ ಪಾನಕಕ್ಕೆ ಬೆಲ್ಲ ಕುಟ್ಟುತ್ತಿದ್ದೆ. ಅಡುಗೆಮನೆಯಲ್ಲಿ ಪಾತ್ರೆ ಉರುಳಿದ ಸದ್ದು. ‘ಏನಾಯ್ತ ಆತ್ಯಾ?’ ಅಂದೆ. ಜವಾಬಿಲ್ಲ. ಆತ್ಯಾ ಜವಾಬು ಕೊಡದೆ ಇದ್ದದ್ದು ನಾನು ಕಂಡದ್ದು ಅದೇ ಮೊದಲು.

ಒಳಗೆ ಓಡಿದೆ. ಒಲೆಯ ಪಕ್ಕ ಒರಗಿ ಬಿದ್ದಿದ್ದಳು. ಮಡಿ ಎಂದು ಒಂದು ಕ್ಷಣ ನನ್ನ ಕೈ ಹಿಂದೆ ಸರಿದದ್ದು ನಿಜ, ಅಷ್ಟರಲ್ಲೇ ಹಿಡಿದೆತ್ತಿದೆ. ಅಯ್ಯೋ, ಆ ಮೈ! ಬೆವರಿಲ್ಲ, ಒಂದು ಹನಿಯಿಲ್ಲ. ಒಣಗಿ ಕಾದ ಮೈ. ಕಣ್ಣು ತೆರೆದಿದ್ದರೂ ನನ್ನನ್ನು ನೋಡುತ್ತಿರಲಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಹಣೆ ಮುಟ್ಟಿ ನೋಡಿದವರೇ ಕೈ ಹಿಂತೆಗೆದುಕೊಂಡರು.

‘ಬಿಸಲ ಹೊಡೆತ. ಎಲ್ಲಿದ್ರು ಇವರು? ಹೊಲದಾಗೇನು?’

‘ಮನ್ಯಾಗ್ರೀ’ ಅಂದೆ.

‘ಮನ್ಯಾಗ ಎಲ್ಲಿ?’

‘ಅಡಗಿಮನ್ಯಾಗ.’

ಅಪ್ಪ ನಡುವೆ ಬಾಯಿ ಹಾಕಿದರು. ‘ಅದು ಹ್ಯಾಂಗ ಆದೀತ್ರೀ ಡಾಕ್ಟ್ರೇ? ಇವತ್ತ ನಲವತ್ತೂ ಆಗಿಲ್ಲ.’

ಡಾಕ್ಟರು ಅಪ್ಪನ ಮುಖವನ್ನು ಒಮ್ಮೆ ನೋಡಿದರು. ನರ್ಸಿಗೆ ಒದ್ದೆ ಬಟ್ಟೆ ತರಲು ಹೇಳಿ, ಆತ್ಯಾನ ಮೈಗೆಲ್ಲ ಸುತ್ತಿಸಿ, ಫ್ಯಾನು ಜೋರು ಮಾಡಿಸಿದರು. ಆ ಒದ್ದೆ ಬಟ್ಟೆಯನ್ನು ನೋಡುತ್ತ ನಾನು ಬಾಗಿಲಲ್ಲಿ ನಿಂತಿದ್ದೆ. ಕೆಲವು ದಿನ ಹಾಗೆಯೇ ಇದ್ದಳು. ನಡುವೆ ಒಮ್ಮೆ ಎಚ್ಚರವಾದಾಗ ‘ಬಸ್ಸು ಬಂತೇನು?’ ಅಂದಳು. ‘ಬಂತು ಆತ್ಯಾ’ ಅಂದೆ. ವೈಶಾಖ ಮುಗಿಯುವ ಮೊದಲೇ ಹೋದಳು.

ಬಂದವರಿಗೆಲ್ಲ ಅಪ್ಪ ವಯಸ್ಸಾಗಿತ್ತು ಎಂದರು. ನನಗೆ ಅದಕ್ಕೆ ಎದುರಾಡಬೇಕೆನ್ನಿಸುತ್ತಿತ್ತು. ಆದರೆ ಏನೆಂದು ಜಗಳವಾಡಲಿ? ಅಪ್ಪ ಆ ಬೇಸಿಗೆ ಮತ್ತೆ ಬರೆಯದೆ ಬಿಟ್ಟಿದ್ದ ಹಲಗೆಯ ಮೇಲೆ ಅಳಿಸದೆ ಉಳಿದಿದ್ದ ಅಂಕಿ ಮೂವತ್ತೊಂಬತ್ತೇ. ನನ್ನ ಕೈಯಲ್ಲಿದ್ದದ್ದು ಆ ಮೈ ಕಾದ ನೆನಪು ಮಾತ್ರ.

ಆಮೇಲೆ ಮನೆಗೆ ಗ್ಯಾಸು ಬಂತು. ಅಡುಗೆ ನನ್ನದಾಯಿತು, ಅಪ್ಪ ಗೊಣಗದೆ ಉಂಡರು. ಮಡಿ ಮೂಲೆಯ ಗಳ ಬರಿದೇ ತೂಗುತ್ತಿತ್ತು. ಅದನ್ನು ಬಿಚ್ಚಿ ಹಾಕಲು ಯಾರಿಗೂ ಮನಸ್ಸು ಬರಲಿಲ್ಲ.

ಮರುವರ್ಷದ ಬೇಸಿಗೆ ಬಂತು. ಬಿಸಿಲು ಏರಿದ ಒಂದು ಮಧ್ಯಾಹ್ನ ಅಪ್ಪ ಸೀಮೆಸುಣ್ಣ ಹಿಡಿದು ಪಡಸಾಲೆಗೆ ಹೋದವರು ಅಲ್ಲೇ ನಿಂತುಬಿಟ್ಟರು. ಕನ್ನಡಕ ಒರೆಸಿ ಮತ್ತೆ ನೋಡಿದರು. ನಲವತ್ಮೂರು. ಮರುದಿನ ನಲವತ್ನಾಲ್ಕು.  ಹಲಗೆಯ ಮೇಲೆ ಆ ಅಂಕಿ ಬರೆದಾಗ ಓಣಿಯಲ್ಲಿ ಗುಂಪು ಕೂಡಿತು. ಹಾಲಿನ ಮುದುಕ ಸೈಕಲ್ಲಿನಿಂದ ಇಳಿದು, ‘ಅಬ್ ಸಚ್ ಬೋಲ್ರಾ ತಖ್ತಾ’ ಎಂದ. ಅಂದರೆ, ಈಗ ಖರೇ ಹೇಳಾಕತ್ತದ ಹಲಗೆ.

ಅಪ್ಪ ಪೂರ್ತಿ ಕಂಗಾಲಾದರು. ಸಂಜೆ ಕಟ್ಟೆಯ ಮೇಲೆ ಕೂತು, ಎದುರಿಗಿದ್ದ ಜನಕ್ಕೆಲ್ಲ ಕೇಳುವ ಹಾಗೆ ಅಂದರು: ‘ನಾ ಸೋತೆ. ನನ್ನ ಮಗ ಹೇಳಿದ್ದೇ ಖರೇ. ಭೂಮಿ ಕೆಟ್ಟದ. ಒಂದೇ ವರ್ಷದಾಗ ನಾಲ್ಕು ಡಿಗ್ರಿ ಏರ್ಯದ!’

ಅಣ್ಣ ಕುಣಿದಾಡುತ್ತಾನೆ ಅಂದುಕೊಂಡಿದ್ದೆ. ಅವನು ತಲೆ ಕೆರೆದುಕೊಂಡ. ‘ಅಪ್ಪಾ, ಹಂಗ ಏರೂದಿಲ್ಲ. ನೂರು ವರ್ಷಕ್ಕ ಒಂದು ಡಿಗ್ರಿ ಏರಿದ್ರ ಅದೇ ಭಾಳ ಅಂತಾರ.’

‘ಅಲ್ಲಲೇ, ನೀನೇ ಅಲ್ಲೇನು ಏರ್ತದ ಏರ್ತದ ಅಂತಿದ್ದಿ?’

‘ಅಂತಿದ್ದೆ. ಇಷ್ಟಲ್ಲ. ಇದು ಸೂರ್ಯಂದೂ ಅಲ್ಲ, ಹೊಗಿದೂ ಅಲ್ಲ. ಏನೋ ಬ್ಯಾರೇನ ಅದ.’

ಅಂದಿನಿಂದ ಜಗಳ ತಿರುಗುಮುರುಗಾಯಿತು. ಅಪ್ಪ ಹೊಗೆಯ ಪರ, ಅಣ್ಣ ಅನುಮಾನದ ಪರ. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಆದರೆ ಒಂದು ಸಂಜೆ ಅಪ್ಪ ಕಣ್ಣು ಒರೆಸಿಕೊಂಡು, ‘ಅಕ್ಕ ಪುಣ್ಯವಂತಿ. ಈ ಬಿಸಲು ನೋಡಲಿಕ್ಕ ಉಳೀಲಿಲ್ಲ’ ಎಂದರು. ನಾನು ಚಹಾದ ಕಪ್ಪುಗಳನ್ನು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದೆ. ಯಾಕೆ ಅಷ್ಟು ಮೈ ಉರಿಯಿತೋ ನನಗೇ ತಿಳಿಯಲಿಲ್ಲ.

ವರ್ಷಾಂತಕ ಬಂತು. ವರ್ಷದ ಶ್ರಾದ್ಧದ ಅಡುಗೆ ಮಡಿಯಲ್ಲೇ ಆಗಬೇಕೆಂದು ಹಿಂದಿನ ದಿನವೇ ಕಮಲಾಪುರದಿಂದ ಕಾಕು ಬಂದಳು. ಊಟವಾದ ಮೇಲೆ, ಮರುದಿನ ಉಡುವ ಹಸಿರು ನೂಲಿನ ಸೀರೆಯನ್ನು ಬಾವಿಯ ಹತ್ತಿರ ಒಗೆದು, ಆತ್ಯಾನ ಕೋಲಿನಿಂದಲೇ ಎತ್ತಿ, ಆತ್ಯಾನ ಗಳದ ಮೇಲೆ ಹಾಕಿದಳು. ಒಂದು ವರ್ಷದ ನಂತರ ಆ ಗಳದ ಮೇಲೆ ಮತ್ತೆ ಬಟ್ಟೆ ಬಂತು.

ಅಪ್ಪ ನಿದ್ದೆಯಿಂದ ಎದ್ದರು. ಸೀಮೆಸುಣ್ಣ ತೆಗೆದುಕೊಂಡು ಹೋದರು. ಸೀರೆ ಕಂಡ ಕೂಡಲೇ ಹಳೆಯ ರೂಢಿಯ ಹಾಗೆ ಕೈ ಬೆನ್ನ ಹಿಂದೆ ಹೋಯಿತು. ಕತ್ತು ಚಾಚಿದರು. ಆಮೇಲೆ ಅಣ್ಣನನ್ನು ಕೂಗಿದ ದನಿಯಲ್ಲಿ ಏನೋ ಇತ್ತು, ನಾನೂ ಓಡಿ ಬಂದೆ.

‘ಮೂವತ್ತೊಂಬತ್ತದ ನೋಡು. ನಿನ್ನೆ ನಲವತ್ನಾಲ್ಕಿತ್ತು.’

‘ಮೋಡ ಆಗಿರಬೇಕು’ ಎಂದು ಅಣ್ಣ ಅಂಗಳದತ್ತ ನೋಡಿದ. ಅಂಗಳದಲ್ಲಿ ಕಣ್ಣು ಬಿಡಲಾಗದ ಬಿಸಿಲು.

ನಾನು ಹತ್ತಿರ ಹೋಗಿ ನೋಡಲೆಂದು ಆ ಮೂಲೆಯಲ್ಲಿ, ಸೀರೆಗೂ ಕಂಬಕ್ಕೂ ನಡುವೆ ನಿಂತೆ. ಹುಟ್ಟಿದ ಮನೆಯಲ್ಲಿ ಆ ಜಾಗದಲ್ಲಿ ನಾನು ನಿಂತದ್ದು ಅದೇ ಮೊದಲು. ಅಂಗಳದ ಬಿಸಿ ಗಾಳಿ ಆ ಒದ್ದೆ ಸೀರೆಯನ್ನು ಹಾದು ಬಂದು ನನ್ನ ಕೆನ್ನೆಗೆ ತಾಗಿತು. ತಣ್ಣಗಿತ್ತು! ಬಾಳೆಯ ತೋಟದಲ್ಲಿ ನಿಂತ ಹಾಗೆ ತಣ್ಣಗಿತ್ತು. ಸೀರೆಯ ಅಂಚಿನಿಂದ ತೊಟ್ಟಿಕ್ಕಿದ ನೀರು ಥರ್ಮಾಮೀಟರಿನ ಕೆಳಗೇ ನಿಂತಿತ್ತು. 

‘ಅಪ್ಪಾ, ಸೀರಿ’ ಅಂದೆ. 

ಅಪ್ಪ ನನ್ನನ್ನು ನೋಡಿದರು, ಸೀರೆಯನ್ನು ನೋಡಿದರು. ಬೆನ್ನ ಹಿಂದಿನ ಕೈ ಮುಂದೆ ಬಂತು. ಎರಡೂ ಕೈಯಿಂದ ಸೀರೆಯನ್ನು ಹಿಡಿದರು. ‘ಭಾವನೋರ, ಮುಟ್ಟಬ್ಯಾಡ್ರಿ! ನಾಳಿ ಮಡಿ ಅದು!’ ಎಂದು ಕಾಕು ಒಳಗಿನಿಂದ ಚೀರುತ್ತ ಬಂದಳು. ಅಪ್ಪನಿಗೆ ಕೇಳಿಸಿದಂತೆ ಕಾಣಲಿಲ್ಲ. ಸೀರೆಯನ್ನು ಗಳದಿಂದ ಎಳೆದು, ಉಂಡೆ ಮಾಡಿ ಎದೆಗೆ ಅವುಚಿಕೊಂಡರು. ಅಂಗಿಯೆಲ್ಲ ಒದ್ದೆ. ಹಸಿರು ಸೀರೆಯ ಮೇಲೆ ಸೀಮೆಸುಣ್ಣದ ಬಿಳಿ ಬೆರಳುಗಳು. ನಾವೆಲ್ಲ ಆ ಗಾಜಿನ ನಳಿಗೆಯನ್ನೇ ನೋಡುತ್ತ ನಿಂತೆವು. ಪಾದರಸ ಏರತೊಡಗಿತು. ಮೆಲ್ಲಗೆ, ಗೆರೆ ಗೆರೆ ದಾಟಿ ಏರಿತು. ನಲವತ್ತರ ಗೆರೆ ದಾಟಿತು. ನಲವತ್ನಾಲ್ಕರ ಹತ್ತಿರ ಬಂದು ನಿಂತಿತು.

ಅಣ್ಣ ಗೋಡೆಗೆ ಒರಗಿ ಹಾಗೇ ಕೆಳಗೆ ಕೂತ. ‘ಖರೇ ಅಂದ್ರ ನನಗ ಗೊತ್ತಾಗಬೇಕಾಗಿತ್ತು’ ಎಂದು ತನ್ನಷ್ಟಕ್ಕೇ ಅಂದ.

 ಅಪ್ಪ ಮಾತಾಡಿದಾಗ ಅದು ಮಾಸ್ತರರ ದನಿಯಾಗಿರಲಿಲ್ಲ.

‘ಈ ನಳಗಿಗೆ ಅಕ್ಕನ ಸೀರಿ ತಂಪ ಮಾಡ್ತಿತ್ತು. ಅಕ್ಕಗ ಯಾರು ಮಾಡಿದ್ರು?’

  ಮನೆಯಲ್ಲಿದ್ದ ಒಂದೇ ಒದ್ದೆ ಬಟ್ಟೆಯನ್ನು ನಾವು ಕಂಬ ಕಾಯಲು ಬಿಟ್ಟು, ಅದರ ಒಡತಿಯನ್ನು ಬೆಂಕಿಯ ಮುಂದೆ ಕೂಡಿಸಿದ್ದೆವು. ಅವಳು ಬಿಸಿಲು ಹೆಚ್ಚಾಗಿದೆ ಎಂದರೆ ಅವಳದೇ ಸೀರೆಯ ತಂಪನ್ನು ತೋರಿಸಿ ಇಲ್ಲ ಅಂದಿದ್ದೆವು.

ನಾನು ಮುಂದೆ ಶಾಲೆಯಲ್ಲಿ ಭೂಗೋಳ ಕಲಿಸುವ ಟೀಚರಾದೆ. ಹವಾಮಾನದ ಪಾಠ ಬಂದಾಗೆಲ್ಲ ಮಕ್ಕಳು ಕೇಳುತ್ತಿದ್ದರು, ಬಿಸಿಲು ಏರುವುದು ಸೂರ್ಯನಿಂದಲೋ ನಮ್ಮಿಂದಲೋ ಅಂತ. ಸೂರ್ಯ, ಸಮುದ್ರ, ಅಗ್ನಿಪರ್ವತ ತಮ್ಮ ಆಟ ಆಡುತ್ತವೆ, ಏರಿಸುತ್ತವೆ, ಇಳಿಸುತ್ತವೆ, ಆದರೆ ಇಳಿಯದೆ ಮೆಲ್ಲಗೆ ಏರುತ್ತಲೇ ಇರುವ ಪಾಲು ನಮ್ಮ ಹೊಗೆಯದು ಎಂದು ಹೇಳುತ್ತಿದ್ದೆ. ನೆಲದ ಮೇಲೆ, ಕಡಲ ಮೇಲೆ ಲೆಕ್ಕವಿಲ್ಲದಷ್ಟು ಮಾಪಕಗಳನ್ನಿಟ್ಟು ಕಂಡುಕೊಂಡ ಮಾತು ಅದು. ಒಂದು ಅಂಗಳದ ಒಂದು ಕಂಬದಿಂದ ಅದು ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು. ಅಪ್ಪ ಎರಡನ್ನೂ ಹೇಳಿದ್ದರು. ಇಷ್ಟು ಹೇಳಿ ನಾನು ಬೋರ್ಡಿನ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಟೀಚರಿಗೆ ಸೂರ್ಯನ ಪಾಠದಲ್ಲಿ ಯಾಕೆ ಅಳು ಬರುತ್ತದೆ ಎಂದು ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಅಂದು ಪಡಸಾಲೆಯಲ್ಲಿ ಕಾಕು ಬೈಯುತ್ತಲೇ ಸೀರೆಯನ್ನು ಮತ್ತೆ ಒಗೆಯಲು ಕೈ ಚಾಚಿದಳು. ಅಪ್ಪ ಕೊಡಲಿಲ್ಲ.

‘ನಾಳೆ ಇಲ್ಲಿ ಬ್ಯಾಡ’ ಅಂದರು. ‘ಕಮಲಾಪುರದಾಗ ಮಾಡೋಣು. ಅಕ್ಕನ್ನ ಅಲ್ಲಿಗೆ ಕರಕೊಂಡು ಹೋಗೋಣು.’

ಪುರೋಹಿತರಿಗೆ ಹೇಳಿ ಕಳಿಸಿದ್ದಾಯಿತು. ಹೊತ್ತು ಇಳಿಯುವಾಗ ಮನೆಗೆ ಬೀಗ ಹಾಕಿ ನಾಲ್ವರೂ ಬಸ್‌ಸ್ಟ್ಯಾಂಡಿಗೆ ಹೋದೆವು. ಹೊರಡುವ ಮೊದಲು ಅಪ್ಪ ತೋಳಿನಿಂದ ಹಲಗೆ ಒರೆಸಿದರು. ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಇತ್ತು. ಯಾರೋ ಕೂಡಲು ಬಂದರೆ ಕೈ ಅಡ್ಡ ಇಟ್ಟು, ‘ಮಂದಿ ಅದಾರ್ರೀ’ ಎಂದರು. ನನಗೆ ಕರುಣೆ ಬರಬೇಕಿತ್ತು. ಬರಲಿಲ್ಲ, ಸಿಟ್ಟೇ ಬಂತು. ಒಂದು ವರ್ಷ ಮೊದಲು ಈ ಸೀಟು ಹಿಡಿಯಲು ಏನಾಗಿತ್ತು ನಿಮಗೆ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಬಾಯಿ ತುರಿಸುತ್ತಿತ್ತು. ಅವರ ಎದೆಯ ಮೇಲೆ ಅಂಗಿ ಇನ್ನೂ ಪೂರ್ತಿ ಒಣಗಿರಲಿಲ್ಲ, ಅದನ್ನು ನೋಡಿ ಸುಮ್ಮನಾದೆ.

ಕಮಲಾಪುರದ ಮನೆಯ ಹೊಸ್ತಿಲು ದಾಟಿದ ಕೂಡಲೇ ಆ ತಂಪು ಮೈಗೆ ಬಂತು. ಅಪ್ಪ ನಡುಮನೆಯಲ್ಲಿ ನಿಂತು ಮೇಲೆ ಮಣ್ಣಿನ ಮಾಳಿಗೆಯ ತೊಲೆಗಳನ್ನು ನೋಡಿದರು. ಆತ್ಯಾ ಮಲಗಬೇಕೆಂದಿದ್ದ ಜಾಗ ಅದೇ. ಕಾಕಾ ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬಂದರು. ಅವರಿಗೆ ನಡೆದದ್ದು ಇನ್ನೂ ಗೊತ್ತಿರಲಿಲ್ಲ. ಎಲ್ಲರೂ ಅಪ್ಪನನ್ನು ಕೇಳುವ ಮಾತನ್ನೇ ಕೇಳಿದರು.

‘ಬಾ ಅಣ್ಣಾ. ಊರಾಗ ಇವತ್ತ ಬಿಸಲು ಎಷ್ಟಿತ್ತು?’

‘ನನಗ ಗೊತ್ತಿಲ್ಲೋ’ ಅಂದರು ಅಪ್ಪ. ‘ಒಲಿ ಮುಂದ ಕೂತವರನ್ನ ಕೇಳಬೇಕು.’

ಅಷ್ಟರಲ್ಲಿ ಕಾಕು ರಾತ್ರಿಯ ಊಟಕ್ಕೆಂದು ಒಳಗೆ ಒಲೆ ಹೊತ್ತಿಸಿದ್ದಳು. ಕಟ್ಟಿಗೆಯ ಹೊಗೆ ನಡುಮನೆಗೂ ಬಂತು. ಅಡುಗೆಯ ಹೊತ್ತಿನಲ್ಲಿ ಅಪ್ಪ ಒಲೆಯ ಹತ್ತಿರ ಹೋದದ್ದನ್ನು ನಾನು ಕಂಡವಳಲ್ಲ. ಅಂದು ತಂಬಿಗೆಯನ್ನು ಹಾಗೇ ಕೆಳಗಿಟ್ಟು ಒಳಗೆ ಹೋದರು.  ಒಲೆಯ ಮುಂದೆ, ಹೆಂಗಸರು ಕೂಡುವ ಮಣೆಯ ಮೇಲೆ ಕೂತರು. ಊಟಕ್ಕೆ ಎಲೆ ಹಾಕುವವರೆಗೂ ಹೊರಗೆ ಬರಲಿಲ್ಲ.